ದಾಸಮ್ಮನ ಬಲಗೈ

ಶಿರಾದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರಿಗೆ ರಾಗಿಹಿಟ್ಟು ತಿರುವುತ್ತಿದ್ದವಳು ಹುಲಿಕುಂಟೆಯ ದಾಸಮ್ಮ. ಅವಳ ಮುದ್ದೆಯಲ್ಲಿ ಗಂಟು ಹುಡುಕುವುದೂ ಒಂದೇ, ಮೊಸರಲ್ಲಿ ಕಲ್ಲು ಹುಡುಕುವುದೂ ಒಂದೇ. ಅಂಥವಳು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟನ್ನೇ ಮುರಿದುಕೊಳ್ಳಬೇಕೇ! ಆರು ತಿಂಗಳು ಕಳೆದರೂ ಮೂಳೆ ಕೂಡಲಿಲ್ಲ. ನಡುವೆ ಕಾಳಿನಷ್ಟು ಸಂದು ಉಳಿಯಿತು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದೇ ಒಂದು ನಾಚಿಕೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಹಿಟ್ಟು ತಿರುವುವ ದೊಣ್ಣೆ ಹಿಡಿಯಲಾಗದಿದ್ದರೆ ಆ ಅಡುಗೆಮನೆಯೇ ಕೈತಪ್ಪುತ್ತಿತ್ತು. ಅವಳ ಬದಲಿಗೆ ನಿಂತ ವಾಚ್‌ಮನ್ ಭೀಮರಾಜು ತಿರುವಿದ ಹಿಟ್ಟನ್ನು ನಾಯಿಯೂ ಮೂಸುತ್ತಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಮದ್ದಿನ ಪ್ರಯೋಗ ನಡೆದಿತ್ತು. ಅಲ್ಲಿಗೆ ಹೋದ ದಾಸಮ್ಮನಿಗೆ ಡಾಕ್ಟರಮ್ಮ ಬಿಡಿಸಿ ಹೇಳಿದರು: “ಸೂಜಿಯಲ್ಲಿ ಜೆಲ್ ಬಿಡ್ತೀವಿ. ಹೋಗುವಾಗ ನೀರು, ಸಂದು ತುಂಬಿದ ಮೇಲೆ ಗಟ್ಟಿ. ಅದರ ಆಸರೆಯಲ್ಲಿ ಮೂಳೆ ಬೆಳೆಯುತ್ತೆ, ಜೆಲ್ ಕರಗಿಹೋಗುತ್ತೆ. ಎಲ್ಲರಿಗೂ ಫಲಿಸುತ್ತೆ ಅಂತ ಮಾತು ಕೊಡೋಕಾಗಲ್ಲ.”

“ಅಂಗಾರೆ ಹಾಲುಬಾಯಿ ಇದ್ದಂಗೆ ಅನ್ನಿ” ಎಂದು ದಾಸಮ್ಮ ಒಪ್ಪಿಬಿಟ್ಟಳು.

ಎಡವಟ್ಟಾಗಿದ್ದು ಅಲ್ಲೇ. ರಾಗಿ ಹಾಲಿಗೆ ಬೆಲ್ಲ ಹಾಕಿ ಕಾಯಿಸಿದ ಹಾಲುಬಾಯಿ ತಟ್ಟೆಗೆ ಸುರಿದ ಮೇಲೆ ಆರಿದರೆ ತಾನೇ ಗಟ್ಟಿಯಾಗುವುದು? ಸೂಜಿ ಹಾಕಿಸಿಕೊಂಡು ಊರಿಗೆ ಬಂದವಳು ಹದಿನೈದು ದಿನ ಕೈಯನ್ನು ತಣ್ಣನೆಯ ನೀರಿನ ಗಡಿಗೆಗೆ ಒತ್ತಿಕೊಂಡು ಕೂತಳು; ಬೆರಳನ್ನೂ ಅಲ್ಲಾಡಿಸಲಿಲ್ಲ. “ಗಡಿಗೆ ಕಾಯೋಕೆ ಕುಂತ್ಯೇನೆ?” ಎಂದು ಗಂಡ ಕದಿರಯ್ಯ ರೇಗಿಸಿದರೆ, “ಸುಮ್ಕಿರು, ಒಳಗೆ ಗಟ್ಟಿ ಆಯ್ತಾ ಐತೆ” ಎನ್ನುವಳು.

ತಪಾಸಣೆಯ ದಿನ ನೋಡಿದರೆ ಬೆರಳೆಲ್ಲ ಮರಗಟ್ಟಿದ್ದವು. ಸಂಗತಿ ಕೇಳಿ ಡಾಕ್ಟರಮ್ಮ ತಲೆ ಚಚ್ಚಿಕೊಂಡು ನಕ್ಕರು. “ಅದು ಮೈ ಬಿಸಿಗೇ ಗಟ್ಟಿಯಾಗೋದು. ನೀವು ಇಲ್ಲಿಂದ ಏಳೋ ಮೊದಲೇ ಆಗಿತ್ತು. ಬೆರಳಾಡಿಸಿ ತಾಯಿ.” ದಾಸಮ್ಮನಿಗೆ ನಗು ಬಂತು, ಹೆದರಿಕೆಯೂ ಆಯಿತು. ಅಂದಿನಿಂದ ಹೊತ್ತು ಹೊತ್ತಿಗೂ ಸ್ಪಂಜಿನ ಚೆಂಡು ಹಿಸುಕಿದಳು.

ಐದು ತಿಂಗಳ ಮೇಲೆ ಎಕ್ಸ್‌ರೇಯಲ್ಲಿ ಸಂದು ಕಾಣಲಿಲ್ಲ. “ಗಂಟಿಲ್ಲ ತಾನೇ?” ಎಂದು ದಾಸಮ್ಮ ಕೇಳಿದಳು. ಇಲ್ಲ, ದೊಣ್ಣೆ ಹಿಡಿಯಬಹುದು ಎಂದರು ಡಾಕ್ಟರಮ್ಮ.

ಮರುದಿನ ಭೀಮರಾಜು ಹರಕೆ ತೀರಿಸುವವನಂತೆ ದೊಣ್ಣೆ ಒಪ್ಪಿಸಿದ. ಎಸರು ಕುದಿಯಿತು, ಹಿಟ್ಟು ಬಿತ್ತು. ಮೊದಲ ಸುತ್ತನ್ನು ಅವಳು ಮೆಲ್ಲಗೆ ತಿರುವಿದಳು, ಮಣಿಕಟ್ಟು ಎಲ್ಲಿ ಕೈಕೊಡುವುದೋ ಎಂದು. ಕೊಡಲಿಲ್ಲ. ಹುಡುಗಿಯರು ಎರಡೆರಡು ಮುದ್ದೆ ಕೇಳಿ ಉಂಡರು.

ಕೊನೆಗೆ ದಾಸಮ್ಮ ತನಗೂ ಬಡಿಸಿಕೊಂಡಳು. ರೂಢಿಯಂತೆ ಎಡಗೈ ಚಮಚದತ್ತ ಹೋಯಿತು. ಅದನ್ನು ಅತ್ತ ಸರಿಸಿ, ಬಲಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಕಣ್ಣು ತುಂಬಿಬಂತು.

“ಯಾಕಕ್ಕಾ, ಖಾರ ಆಯ್ತಾ?” ಎಂದ ಭೀಮರಾಜು.

“ಊಂ ಕಣ್ಲಾ, ಸಾರು ನೀನು ಮಾಡಿದ್ದಲ್ವಾ” ಎಂದು ಅವಳು ಇನ್ನೊಂದು ತುತ್ತು ಮುರಿದಳು.