ಕೆಳಗೆ ಕುಳಿತಿದ್ದ ಯಜಮಾನರು

ಶ್ರೇಯಾ, ಸಮರ್ಥ, ಕೇಳಿ. ನಿಮ್ಮ ಅಜ್ಜ ತೀರಿಕೊಂಡು ವರ್ಷಗಳೇ ಆದವು. ಆದರೆ ಹೋದ ವಾರ ಬೆಳಗಾವಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ನನ್ನ ಮಂಚದ ಹತ್ತಿರ ಬಂದು, "ಆಯಿ, ನಿಮ್ಮ ಯಜಮಾನ್ರು ಕೆಳಗ ಕುಂತಾರ್ರಿ. ಈಗಷ್ಟ ಮಾತಾಡಿಸಿ ಬಂದೆ" ಅಂದರು.

ನಡುಮಧ್ಯಾಹ್ನ. ಕಿಟಕಿ ತುಂಬ ಬಿಸಿಲು. ನನ್ನ ಮೈಯೆಲ್ಲ ಮುಳ್ಳು.

ಜ್ವರ, ಕೆಮ್ಮು ಬಿಡಲಿಲ್ಲವೆಂದು ಖಾನಾಪುರದಿಂದ ನನ್ನನ್ನು ಅಲ್ಲಿಗೆ ಸೇರಿಸಿದ್ದು ನಿಮಗೆ ಗೊತ್ತು. ನನ್ನ ಎದುರಿನ ಮಂಚ ನಂದಗಡದ ಶಾಂತಕ್ಕನದು. ಶುಗರ್ ಏರಿ ಬಂದವಳು. ಅವಳ ಮಂಚದ ತಲೆದೆಸೆ ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಯಾರಾದರೂ ಮಲಗುತ್ತಾರೆಯೇ?

"ಯವ್ವಾ, ನಾ ಮುತ್ತೈದಿ. ಹಿಂಗ ಮಲಗಿದ್ರ ನಮ್ಮನಿಯವ್ರಿಗೆ ಕೇಡು" ಎಂದು ಬೆಳಿಗ್ಗೆ ಕಣ್ಣೀರು ಹಾಕಿದಳು.

"ನನಗೇನ್ ಕೇಡ ಬಾಕಿ ಐತಿ? ಈ ಕಡೆ ಬಾರವ್ವ" ಅಂದೆ. ಮಂಚ ಬದಲಾಯಿಸಿಕೊಂಡೆವು.

ಬೆಳಗಿನ ಡಾಕ್ಟರಮ್ಮ ನೋಡಿ ನಕ್ಕರು. "ಆಗ್ಲಿ ಬಿಡ್ರಿ, ಎಲ್ಲಾರಿಗೂ ಹೇಳಿರ್ತೀನಿ" ಅಂದರು. ಆಮೇಲೆ ಅವರ ಡ್ಯೂಟಿ ಮುಗಿಯಿತು. ಹೇಳಿದರೋ, ಮರೆತರೋ! (ಸಲೈನ್ ಹಾಕಿದ ಕೈ ಊದಿಕೊಂಡಿತೆಂದು ನನ್ನ ಹೆಸರಿನ ಪಟ್ಟಿಯನ್ನೂ ಕತ್ತರಿಸಿ ತೆಗೆದಿದ್ದರು. ಹೊಸದು ಕಟ್ಟಿರಲಿಲ್ಲ.)

ಮಧ್ಯಾಹ್ನ ಈ ಹೊಸ ಡಾಕ್ಟರು ಬಂದಾಗ ಶಾಂತಕ್ಕನನ್ನು ಸ್ಕ್ಯಾನಿಂಗಿಗೆ ಒಯ್ದಿದ್ದರು. ಅವಳ ಮಂಚದಲ್ಲಿ ನಾನು, ಉತ್ತರಕ್ಕೆ ತಲೆ ಹಾಕಿಕೊಂಡು.

"ಕಾಲಿನ ಉರಿ ಕಡಿಮಿ ಆತೇನ್ರಿ ಆಯಿ? ನಂದಗಡದ ಹೊಲಾ ಹೆಂಗ ಐತಿ?" ಬಹಳ ಸೌಮ್ಯ ಮನುಷ್ಯ. ನನ್ನ ಮುಖವನ್ನೇ ನೋಡುತ್ತಿದ್ದರು, ಇನ್ನೊಬ್ಬಳ ಜೊತೆ ಮಾತಾಡುತ್ತಿದ್ದರು. ಮಂಚದ ಫೈಲು ಓದಿ ಬಂದಿದ್ದ ಅವರಿಗೆ ಆ ಇನ್ನೊಬ್ಬಳ ವಿಷಯ ಎಲ್ಲ ಗೊತ್ತು. ಹಾಗಾದರೆ ನಾನೆಲ್ಲಿ ಹೋದೆ? ಜ್ವರದ ತಲೆ ನೋಡಿ, ನನ್ನ ಕಾಲೂ ಉರಿಯತೊಡಗಿದಂತೆ ಅನಿಸಿತು.

"ಅಕಿ ಕದ್ದು ಕುಂದಾ ತಿಂತಾಳ, ನೋಡ್ಕೊಳ್ರಿ ಅಂತ ಚಾಡಿ ಹೇಳಿದ್ರು ನಿಮ್ಮವ್ರು" ಎಂದು ನಕ್ಕರು.

(ನಿಮ್ಮ ಅಜ್ಜನೂ ಮನೆಗೆ ಬಂದವರ ಮುಂದೆಲ್ಲ ನನ್ನ ಸಿಹಿಯ ಆಸೆಯ ಬಗ್ಗೆ ಇದೇ ಚಾಡಿ ಹೇಳುತ್ತಿದ್ದರು.)

ಅಷ್ಟರಲ್ಲಿ ಸಿಸ್ಟರ್ ಇನ್ಸುಲಿನ್ ಸೂಜಿ ತಂದರು. ಸಕ್ಕರೆ ಕಾಯಿಲೆಯೇ ಇಲ್ಲದ ನನಗೆ! ಸುಮ್ಮನೆ ಚುಚ್ಚಿದರೆ ಸಕ್ಕರೆ ಪೂರಾ ಇಳಿದು ಜೀವಕ್ಕೇ ಕುತ್ತು ಬರುತ್ತದೆ ಎಂಬುದು ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ? ಬೇಡ ಅನ್ನಬೇಕು. ನಾಲಿಗೆ ಏಳಲೊಲ್ಲದು. ಡಾಕ್ಟರಿಗೆ ಎದುರು ಮಾತಾಡಿ ಗೊತ್ತಿಲ್ಲದವಳು ನಾನು. ಬಾಯಿಂದ ಹೊರಟಿದ್ದೇ ಬೇರೆ.

"ಹೆಂಗ ಅದಾರ್ರಿ? ಭಾಳ ಸೊರಗ್ಯಾರೇನ್ರಿ?"

"ಯಾರು ಆಯಿ?"

"ನಮ್ಮನಿಯವ್ರು. ಅವರು ತೀರಿಕೊಂಡ ಮ್ಯಾಲೆ ನಾ ನೋಡೇ ಇಲ್ಲರಿ."

ಸಿಸ್ಟರ್ ಕೈ ಗಾಳಿಯಲ್ಲೇ ನಿಂತಿತು. ಡಾಕ್ಟರು ಹಣೆ ಒರೆಸಿಕೊಂಡು ಮೆಲ್ಲಗೆ ಕೇಳಿದರು, "ಆಯಿ, ನಿಮ್ಮ ಹೆಸರೇನ್ರಿ?"

ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಲ್ಲವೇ?

ಪಾಪ, ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತರು. ತಪ್ಪಾಯಿತು ಅಂದರು. ಖಾನಾಪುರದ ನಮ್ಮ ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಹಳೆಯ ಕಥೆಯೆಲ್ಲ ಕೇಳಿಕೊಂಡರು. ಇವರಂಥವರಿಗೆ ಹಾಸ್ಪಿಟಲಿಸ್ಟ್ ಅನ್ನುತ್ತಾರಂತೆ. ಹೊರಗೆ ಸ್ವಂತ ದವಾಖಾನೆ ಇಲ್ಲ, ಸೇರಿದ ರೋಗಿಗಳನ್ನು ನೋಡುವುದೇ ಕೆಲಸ. ಒಳ್ಳೆಯದೇ. ಕರೆದಾಗ ಯಾರಾದರೊಬ್ಬರು ಇರುತ್ತಾರೆ. ಊರಿನ ಡಾಕ್ಟರು ನನ್ನ ಕೆಮ್ಮು ಕೇಳಿಯೇ ಹೆಸರು ಹೇಳುತ್ತಾರೆ, ಆದರೆ ಅವರು ವಾರ್ಡಿಗೆ ಬಂದು ಕೂರಲಾದೀತೇ? ಇವರು ಬಂದು ಕೂರುತ್ತಾರೆ. ಆದರೆ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಇಡೀ ಮನುಷ್ಯಳೇ ಅದರಲ್ಲಿ ಜಾರಿಹೋಗಬಹುದು. ಯಾರಿಗೂ ಸಪ್ಪಳ ಕೇಳಿಸುವುದಿಲ್ಲ.

ಸಂಜೆಗೆ ಶಾಂತಕ್ಕ ಸ್ಕ್ಯಾನಿಂಗ್ ಮುಗಿಸಿ ಬಂದಳು. "ನಿಮ್ಮವ್ರು ಕೆಳಗ ಕಾಯ್ಕೋತ ಕುಂತಿದ್ರಂತಲ್ಲ?" ಅಂದೆ.

"ನಮ್ಮವ್ರಾ? ಇವತ್ತ ಊರಾಗ ಸಂತಿ. ಅದನ್ನ ಬಿಟ್ಟು ಎಲ್ಲಿ ಬರ್ತಾರ ಅವರು!" ಎಂದು ನಕ್ಕಳು.

ಡಾಕ್ಟರು ಮೂರನೆಯವಳೊಬ್ಬಳ ಯಜಮಾನರ ಜೊತೆ ಮಾತಾಡಿ ಬಂದಿರಬೇಕು. ಅಷ್ಟೇ ಇರಬೇಕು. ಆದರೆ ಕುಂದಾದ ಮಾತು... ಬೇಡ, ಅದನ್ನು ಬರೆಯುವುದಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ನನ್ನ ಬಾಯಿ ನಿಂತು, ಹೊಸ ಡಾಕ್ಟರೊಬ್ಬರು ಮಂಚದ ಪಕ್ಕ ಬಂದು ನಿಂತಾಗ, ಇಲ್ಲಿ ಮಲಗಿದವಳು ಯಾರೆಂದು ಇವನ್ನು ಓದಿ ಹೇಳಲು ನೀವು ಇರುತ್ತೀರಲ್ಲವೇ?