ಶಾರದಕ್ಕನ ಬೆರಳು

ಸಿಂಚನಾ, ಪ್ರಣವ್, ಕೊರೊನಾ ಎರಡನೇ ಸಲ ಬಂದಾಗ ನೀವಿನ್ನೂ ಚಿಕ್ಕವರು. ನಿಮ್ಮನ್ನು ಶಿವಮೊಗ್ಗದ ವಿದ್ಯಾನಗರದಿಂದ ಭದ್ರಾವತಿಗೆ, ನನ್ನ ಮನೆಗೆ ತಂದು ಬಿಟ್ಟು ನಿಮ್ಮ ಅಪ್ಪ ಅಮ್ಮ ಇಬ್ಬರೂ ಅಲ್ಲಿನ ಆಸ್ಪತ್ರೆ ಸೇರಿದರು. ಹೋಗಿ ನೋಡೋಣವೆಂದರೆ ಬಸ್ಸಿಲ್ಲ. ಸಾಲದ್ದಕ್ಕೆ ನಮ್ಮ ಬೀದಿಯ ಎರಡೂ ತುದಿಗೆ ಬೊಂಬು ಕಟ್ಟಿದರು.

ಆಗ ಬೀದಿಯನ್ನು ನಡೆಸಿದವಳು ಎದುರುಮನೆ ಶಾರದಕ್ಕ. ವಾರ್ಡಿನ ಹುಡುಗರನ್ನು ಕಟ್ಟಿಕೊಂಡು ಮನೆಮನೆಗೂ ಊಟ ಕೊಡುವಳು. ಎಲ್ಲರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ ಆಮ್ಲಜನಕ ಎಷ್ಟಿದೆಯೆಂದು ನೋಡುವಳು.

"ತೊಂಬತ್ತೇಳು ಐತೆ. ಇನ್ನೂ ನಾಲ್ಕು ಸೊಸೆಯಂದಿರನ್ನ ಗೋಳು ಹುಯ್ಕೊಳ್ತೀಯ ಮಾರಾಯ್ತಿ," ಎಂದು ಪಕ್ಕದ ಮನೆಯ ಮುದುಕಿಯನ್ನು ನಗಿಸುವಳು.

ನನಗೆ ನಾಲ್ಕು ಜನರೆದುರು ಮಾತು ಬರುವುದಿಲ್ಲ. ಬಾಗಿಲ ಸಂದಿಯಿಂದ ಅವಳನ್ನೇ ನೋಡುತ್ತ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ನಾನು ಕಲಸಿಟ್ಟ ಅನ್ನ ಬಿಟ್ಟು ನೀವೂ ಶಾರದಜ್ಜಿಯ ಪಲಾವೇ ಬೇಕೆಂದು ಅಳುತ್ತಿದ್ದಿರಿ. ನಾವು ನಂಬಿದ ದೇವಿ ಅಂತರಘಟ್ಟಮ್ಮನ ಪಟಕ್ಕೆ ದೀಪ ಹಚ್ಚಿ, ಮಗ ಸೊಸೆ ಉಳಿಯಲಿ ಎಂದು ಬೇಡಿದ ಮೇಲೆ ಇನ್ನೊಂದನ್ನೂ ಸೇರಿಸುತ್ತಿದ್ದೆ: ತಾಯೀ, ಒಂದು ದಿನವಾದರೂ ಈ ಶಾರದೆಗೆ ನನ್ನಿಂದ ಏನಾದರೂ ಬೇಕಾಗಲಿ.

ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಬರುವಾಗ ಜಗಲಿ ಸಿಕ್ಕಲ್ಲೆಲ್ಲ ಕೂತಳು. ನಮ್ಮ ಬಾಗಿಲಿಗೆ ಬಂದಾಗ ಒಂದು ತಮಾಷೆಯ ಮಾತೂ ಇಲ್ಲ. ದಿನವೂ ಕದ್ದು ನೋಡುತ್ತಿದ್ದ ನನಗಲ್ಲದೆ ಬೇರೆ ಯಾರಿಗೂ ಅದು ಹೊಳೆಯುವಂತಿರಲಿಲ್ಲ. ಬೀದಿಯವರೆಲ್ಲರ ಬೆರಳು ನೋಡಿದವಳ ಬೆರಳನ್ನು ಯಾರೂ ನೋಡಿರಲಿಲ್ಲ.

ಆಕ್ಸಿಮೀಟರನ್ನು ಕಿತ್ತುಕೊಂಡು ಅವಳ ಬೆರಳಿಗೇ ಸಿಕ್ಕಿಸಿದೆ. ಎಂಬತ್ತೆರಡು.

"ಬ್ಯಾಟರಿ ಹೋಗಿರ್ಬೇಕು ಬಿಡೇ."

ನನ್ನ ಬೆರಳಿಗೆ ಹಾಕಿ ತೋರಿಸಿದೆ. ತೊಂಬತ್ತೆಂಟು.

"ಇದ್ರಲ್ಲಾದ್ರೂ ನಂಗಿಂತ ಮುಂದೆ ಹೋದ್ಯಲ್ಲ," ಎಂದು ನಕ್ಕವಳು ಹಾಗೇ ಗೋಡೆಗೆ ಒರಗಿದಳು.

ನಾನು ಬೀದಿಗಿಳಿದು ಹುಡುಗರನ್ನು ಕೂಗಿದೆ. ಆಂಬುಲೆನ್ಸು ಅವಳನ್ನು ಶಿವಮೊಗ್ಗಕ್ಕೆ ಒಯ್ದಿತು. ಅಲ್ಲಿ ಆಮ್ಲಜನಕದ ಹಾಸಿಗೆ ಒಂದೂ ಖಾಲಿಯಿಲ್ಲ ಎಂದು ಹುಡುಗರಿಗೆ ಫೋನು ಬಂತು. ನಾನು ಪಟದ ಮುಂದೆ ಕೂತೆ. ತಾಯೀ, ನಾನು ಬೇಡಿದ್ದು ಹೀಗಲ್ಲ, ಅವಳನ್ನು ನನಗೆ ವಾಪಸು ಕೊಡು ಎಂದು ಅತ್ತೆ.

ಸಂಜೆ ನಿಮ್ಮ ಅಪ್ಪ ಆಸ್ಪತ್ರೆಯಿಂದ ಫೋನು ಮಾಡಿದ. "ಅಮ್ಮಾ, ನಿನ್ನ ಸೊಸೆ ಚೇತರಿಸ್ಕೊಂಡ್ಲು ಅಂತ ಆಕ್ಸಿಜನ್ ತೆಗೆದ್ರು, ಬೇರೆ ವಾರ್ಡಿಗೆ ಹಾಕಿದಾರೆ. ಆ ಬೆಡ್ಡು ಯಾರಿಗೆ ಕೊಟ್ರು ಗೊತ್ತಾ? ಶಾರದಕ್ಕಂಗೆ."

ಕೈಯಲ್ಲಿದ್ದ ಫೋನನ್ನೇ ಹಣೆಗೆ ಒತ್ತಿಕೊಂಡು ಪಟದಲ್ಲಿದ್ದ ಅಮ್ಮನಿಗೆ ಕೈ ಮುಗಿದೆ.

ಶಾರದಕ್ಕ ವಾಸಿಯಾಗಿ ಬರುವವರೆಗೂ ಬೀದಿಗೆ ಊಟ ಹಂಚಿದವಳು ನಾನು. ಚೆನ್ನಾಗಿದೆ, ಆದರೆ ಶಾರದಕ್ಕನ ಕೈರುಚಿ ಇಲ್ಲ ಎಂದರು. ನಿಮ್ಮ ಅಪ್ಪ ಅಮ್ಮನೂ ಗುಣವಾಗಿ ಬಂದು, ಬಸ್ಸು ಬಿಟ್ಟ ಮೇಲೆ ನಾನೂ ಶಾರದಕ್ಕನೂ ದೇವಿ ಅಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿದೆವು. ಪೂಜಾರಿ ಮೊದಲು ಮಾತನಾಡಿಸಿದ್ದೂ ಅವಳನ್ನೇ.

ಕೆಟ್ಟ ಬೇಡಿಕೆಯನ್ನೂ ಅಮ್ಮ ಒಳ್ಳೆಯದಕ್ಕೆ ತಿರುಗಿಸುತ್ತಾಳೆಂದು ನಾನೀಗ ಗಟ್ಟಿಯಾಗಿ ನಂಬಿದ್ದೇನೆ. ರಜೆಗೆ ಬಂದರೆ ನೀವು ಇಂದಿಗೂ ಚೀಲ ಎಸೆದು ಮೊದಲು ಓಡುವುದು ಎದುರುಮನೆಗೆ. ಅದನ್ನೂ ಅಮ್ಮ ನೋಡುತ್ತಿದ್ದಾಳೆ. ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ. ಶಾರದಕ್ಕನ ಕೈಗೆ ಮಾತ್ರ ಕೊಡಬೇಡಿ.