ಪೂರಾ ಕೇಳುತ್ತಿದ್ದ ಟೀಚರ್

ಮೊಬೈಲನ್ನು ಅವರು ಕಿವಿಗೆ ಹಿಡಿದದ್ದಕ್ಕಿಂತ ತುಟಿಯ ಹತ್ತಿರ ಹಿಡಿದದ್ದೇ ಹೆಚ್ಚು. ಬಿಸಿ ಚಹ ಸುರಿದುಕೊಂಡ ಬಸಿತಟ್ಟೆ ಎತ್ತಿದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಅದರೊಳಗೆ ಮೆಲ್ಲಗೆ ಮಾತಾಡುತ್ತಿದ್ದರು. ಕಿವಿ ಮುಚ್ಚುವಂತೆ ಸುತ್ತಿದ ಕಂದು ಸ್ಕಾರ್ಫು, ಹೆಬ್ಬೆರಳಿನಲ್ಲಿ ಎಷ್ಟು ತೊಳೆದರೂ ಹೋಗದ ಸೀಮೆಸುಣ್ಣದ ಬಿಳುಪು. ಶಾಲೆ ಬಿಟ್ಟ ಮೇಲೆ ಸರಸಂಬಾದ ಬಸ್ ನಿಲ್ಲುವ ಜಾಗದಲ್ಲಿ, ಬೇವಿನ ಗಿಡದ ಕೆಳಗೆ, ಆಳಂದದ ಬಸ್ಸಿಗೆ ಕಾಯುತ್ತ ನಮ್ಮ ವಿಜ್ಞಾನದ ಟೀಚರ್ ಹೀಗೆ ನಿಂತಿರುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಮೊಬೈಲಿನಲ್ಲಿ ನಮ್ಮ ತರಗತಿಯ ಮಕ್ಕಳು, ಪಾಲಕರು, ಶಿಕ್ಷಕರು ಎಲ್ಲ ಸೇರಿ ಒಂದು ಗ್ರೂಪ್ ಆಯಿತು. ಉಳಿದ ಶಿಕ್ಷಕರು ಅದರಲ್ಲಿ ಬರೆದು ಹಾಕುತ್ತಿದ್ದರು. ಇವರು ಮಾತ್ರ ಮಾತಾಡಿ ಕಳಿಸುತ್ತಿದ್ದರು. ನಮ್ಮ ತಾಯಂದಿರಲ್ಲಿ ಬಹಳ ಮಂದಿಗೆ ಓದು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಇವತ್ತು ಯಾವ ಪಾಠ ಆಯಿತು, ನಾಳೆ ಏನು ತರಬೇಕು, ಯಾರು ಹೂವಿನ ಚಿತ್ರ ಚೆಂದ ಬಿಡಿಸಿದರು, ಎಲ್ಲವನ್ನೂ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ತಮ್ಮ ಮನೆಮಾತಾದ ಉರ್ದುವಿನಲ್ಲಿ ಹೇಳುತ್ತಿದ್ದರು. ದನಿಯ ಹಿಂದೆ ಗಿಳಿಗಳ ಗದ್ದಲ ಕೇಳುತ್ತಿತ್ತು.

ನಮ್ಮವ್ವ ಹೊಲಕ್ಕೆ ಹೋಗುವಾಗ ಮೊಬೈಲನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಬದುವಿನ ಹುಲ್ಲು ಕೊಯ್ಯುತ್ತಿರುವಾಗ, ಬಿಸಿಲು ಓರೆಯಾಗುವ ಹೊತ್ತಿಗೆ, ಟೀಚರ್ ದನಿ ಬರುತ್ತಿತ್ತು. ಹೂ ಬಿಟ್ಟ ತೊಗರಿಯ ಹಳದಿಯೊಳಗಿಂದ ಯಾರೋ ನಡೆದು ಬಂದು ಪಕ್ಕದಲ್ಲಿ ಕೂತ ಹಾಗೆ ಇರುತ್ತಿತ್ತು. ಅವ್ವ ಕುಡುಗೋಲು ಕೆಳಗಿಟ್ಟು ಕೇಳುತ್ತಿದ್ದಳು. ಆ ಟೀಚರನ್ನು ಆಕೆ ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ.

ನನಗೆ ಮಾತು ತಡೆಯುತ್ತಿತ್ತು. ಈಗಲೂ ತಡೆಯುತ್ತದೆ. ಅದರಲ್ಲೂ ‘ಬ’ ಅಕ್ಷರ ಬಂತೆಂದರೆ ತುಟಿಗಳು ಅಂಟಿಕೊಂಡೇ ಬಿಡುತ್ತಿದ್ದವು. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಒಂದು ಸಂಜೆ ಟೀಚರ್ ನನ್ನನ್ನು ಬೇವಿನ ಗಿಡದ ಹತ್ತಿರ ಕರೆದು, ತರಗತಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಮನೆಯಲ್ಲಿ ಕೂತು ಉತ್ತರ ಹೇಳಿ ತಮಗೊಬ್ಬರಿಗೇ ಕಳಿಸು ಎಂದರು. ಬಹಳ ಹೊತ್ತು ಹಿಡಿಯುತ್ತದೆ ಎಂದು ಹೇಳುವುದಕ್ಕೇ ನಾನು ಒದ್ದಾಡಿದೆ. ಹೇಳಿ ಮುಗಿಸುವವರೆಗೂ ಅವರು ಸುಮ್ಮನಿದ್ದರು.

“ಹಿಡೀಲಿ ಯವ್ವಾ. ಸಾವಕಾಶ ಹೇಳು. ನಾ ಕೇಳ್ತೇನಿ.”

ಅಂದಿನಿಂದ ಸಂಜೆಯಾದರೆ ನಾನು ಅವ್ವನ ಮೊಬೈಲು ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಕೆಳಗೆ ಒಲೆಗಳ ಹೊಗೆ, ದೂರದಲ್ಲಿ ಮನೆಗೆ ಬರುವ ದನಗಳ ಧೂಳು, ಎರಡೂ ಸೇರಿ ಊರು ತೇಲುತ್ತಿರುವಂತೆ ಕಾಣುತ್ತಿತ್ತು. ಆ ಮಬ್ಬಿನೊಳಗೆ ನನ್ನ ಮಾತು ಸ್ವಲ್ಪ ಸಡಿಲಾಗುತ್ತಿತ್ತು. ಹೇಳಿ ಕಳಿಸುತ್ತಿದ್ದೆ. ಟೀಚರ್ ಉತ್ತರ ಬರುತ್ತಿತ್ತು. ನಾನು ಹೇಗೆ ಹೇಳಿದೆ ಎಂಬುದರ ಬಗ್ಗೆ ಅವರು ಒಂದು ದಿನವೂ ಮಾತೆತ್ತಲಿಲ್ಲ. ಏನು ಹೇಳಿದೆ ಎಂಬುದಷ್ಟೇ ಅವರಿಗೆ ಬೇಕಿತ್ತು. ಕೊನೆಯಲ್ಲಿ ಎಲ್ಲೋ ಮಾಡಿದ ಸಣ್ಣ ತಪ್ಪನ್ನೂ ಹಿಡಿದು ತಿದ್ದುತ್ತಿದ್ದರು.

ಬೇರು ಹೀರಿದ ನೀರು ಎಲೆಯ ತುದಿಯವರೆಗೆ ಹೇಗೆ ಏರುತ್ತದೆ ಎಂಬ ಪ್ರಶ್ನೆಗೆ ನಾನು ಕಳಿಸಿದ ಉತ್ತರ ಅವರಿಗೆ ಬಹಳ ಹಿಡಿಸಿತು. ಮುಖ್ಯಗುರುಗಳಿಗೂ ಕೇಳಿಸೋಣವೆಂದು ಬಸ್ಸು ಹತ್ತುವ ಅವಸರದಲ್ಲಿ ಅದನ್ನು ಮುಂದೆ ಕಳಿಸಿದರು. ಬೆರಳು ತಪ್ಪಿ ಅದು ತರಗತಿಯ ಗ್ರೂಪಿಗೆ ಹೋಯಿತು. ದಾರಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಆಳಂದದಲ್ಲಿ ಇಳಿದು ನೋಡಿ ಅಳಿಸುವಷ್ಟರಲ್ಲಿ ಮನೆಮನೆಯಲ್ಲಿ ಕೇಳಿಯಾಗಿತ್ತು. ಮರುದಿನ ಶಾಲೆಯ ಗೇಟಿನಲ್ಲೇ ಹುಡುಗರು ಮೇಕೆಯಂತೆ “ಬೇ... ಬೇ...” ಎಂದರು. ನಾನು ಅಲ್ಲಿಂದಲೇ ತಿರುಗಿ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

ಟೀಚರ್ ಆ ಸಂಜೆಯೇ ಗ್ರೂಪಿನಲ್ಲಿ, ತಪ್ಪು ತಮ್ಮದು, ಒಬ್ಬ ಹುಡುಗಿ ನಂಬಿ ಕಳಿಸಿದ್ದನ್ನು ತಾವು ಜೋಪಾನ ಮಾಡಲಿಲ್ಲ ಎಂದು ಹೇಳಿ ಎಲ್ಲರೆದುರು ಕ್ಷಮೆ ಕೇಳಿದ್ದರು. ಆದರೆ ಆಳಂದದ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಅಪ್ಪ, ಇಷ್ಟು ಅವಮಾನ ಪಟ್ಟು ಕಲಿಯುವುದು ಬೇಡ, ಮನೆಯಲ್ಲಿರಲಿ ಎಂದುಬಿಟ್ಟ. ನನಗೂ ಅದೇ ಸರಿ ಎನ್ನಿಸಿತ್ತು.

ನಾಲ್ಕನೆಯ ದಿನ ಮುಂಜಾನೆ ಬಾಗಿಲಲ್ಲಿ ಯಾರೋ ಮಾತಾಡಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಮುಖ ನೋಡುವ ಮೊದಲೇ, “ಟೀಚರ್ ಬಂದಾರ ನೋಡು,” ಎಂದಳು. ಟೀಚರ್ ಕಟ್ಟೆಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು.

“ನಂದ್ ತಪ್ಪದ ಯವ್ವಾ. ಸಿಟ್ಟಿದ್ರ ನನ್ ಮ್ಯಾಲ ಮಾಡು, ಸಾಲಿ ಮ್ಯಾಲ ಮಾಡಬ್ಯಾಡ.”

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಗ್ರೂಪಿನಲ್ಲಿ ಮಾತಾಡಬೇಕಾದರೆ ಎಲ್ಲಿ ಒತ್ತಬೇಕು ಎಂದು ಟೀಚರನ್ನು ಕೇಳಿದಳು. ಅವರು ತೋರಿಸಿದರು. ಏನು ಮಾತಾಡುತ್ತೀರಿ ಎಂದು ಕೇಳಲಿಲ್ಲ. ಅಷ್ಟು ದಿನ ಬರೀ ಕೇಳುತ್ತಿದ್ದ ಅವ್ವ ಬೆರಳು ಒತ್ತಿ ಹಿಡಿದು ಹೇಳಿದಳು:

“ನನ್ನ ಮಗಳು ತಡದು ಮಾತಾಡ್ತಾಳ್ರಿ. ಆದ್ರ ನೀರು ಹ್ಯಾಂಗ ಏರ್ತದ ಅಂತ ಪೂರಾ ಹೇಳ್ಯಾಳ. ನೀವು ಸುರುವಿನದಷ್ಟ ಕೇಳಿ ನಕ್ಕೀರಿ. ನಾ ಓದಿಲ್ಲ, ನಾ ಪೂರಾ ಕೇಳೀನಿ. ನನಗ ತಿಳೀತು.”

ಟೀಚರ್ ಸ್ಕಾರ್ಫಿನ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ಒಳಗೆ ಹೋಗಿ ಸಮವಸ್ತ್ರ ಹಾಕಿಕೊಂಡು ಬಂದೆ. ಅವರ ಜೊತೆ ನಡೆದು ಹೋದ ಆ ದಾರಿ ಈಗ ಕನಸಿನಲ್ಲಿ ಬರುವಾಗ ಬಹಳ ಉದ್ದವಾಗಿರುತ್ತದೆ, ಎರಡೂ ಕಡೆ ತೊಗರಿ ನಮಗಿಂತ ಎತ್ತರಕ್ಕೆ ಬೆಳೆದಿರುತ್ತದೆ. ಹುಡುಗರು ಒಂದೇ ದಿನಕ್ಕೆ ಬದಲಾಗಲಿಲ್ಲ. ಆದರೆ ಅವರ ಅವ್ವಂದಿರು ನಮ್ಮವ್ವನ ಮಾತು ಕೇಳಿದ್ದರು. ಮನೆಗಳಲ್ಲಿ ಏನಾಯಿತೋ, ಮೇಕೆಯ ಕೂಗು ನಿಧಾನಕ್ಕೆ ನಿಂತಿತು. ಅಪ್ಪನೂ ಆಮೇಲೆ ಅಡ್ಡಿ ಮಾಡಲಿಲ್ಲ.

ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಟೀಚರ್‌ಗೆ ಅತನೂರಿಗೆ ವರ್ಗವಾಯಿತು. ನಾನು ಮುಂದೆ ಓದಿ ಈಗ ಆಳಂದದ ಒಂದು ಔಷಧದ ಅಂಗಡಿಯಲ್ಲಿದ್ದೇನೆ. ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ದಿನವಿಡೀ ಹೇಳುತ್ತೇನೆ. ಓದು ಬಾರದವರಿಗೆ ಅವರವರ ಮೊಬೈಲಿನಲ್ಲಿ ಮಾತಾಡಿ ಇಟ್ಟುಕೊಡುತ್ತೇನೆ. ಅದನ್ನು ಯಾರಿಂದ ಕಲಿತೆ ಎಂದು ಬೇರೆ ಹೇಳಬೇಕಿಲ್ಲ.

ಹೋದ ಚಳಿಗಾಲದಲ್ಲಿ ಟೀಚರ್ ತೀರಿಕೊಂಡರು. ಎರಡೇ ದಿನದ ಜ್ವರ. ಸುದ್ದಿ ಬಂದದ್ದು ವರ್ಷಗಳಿಂದ ಯಾರೂ ಮಾತಾಡದೆ ಬಿದ್ದಿದ್ದ ನಮ್ಮ ಹಳೆಯ ಗ್ರೂಪಿನಲ್ಲಿ. ನಾನು ಅಂಗಡಿಯಿಂದ ಓಡಿ ಆಳಂದದಲ್ಲೇ ಇದ್ದ ಅವರ ಮನೆ ಮುಟ್ಟುವಷ್ಟರಲ್ಲಿ ಗಂಡಸರು ಜನಾಜಾ ಹೊತ್ತುಕೊಂಡು ಓಣಿಯ ಆ ತುದಿ ದಾಟಿದ್ದರು.

ವಾರದ ಮೇಲೆ ಸರಸಂಬಾದ ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಎರಡು ಮಾತು ಹೇಳಬೇಕು ಎಂದಾಗ ನಾನು ಎದ್ದೆ. ಅಷ್ಟು ಜನರ ಮುಂದೆ ನಿಂತದ್ದು ಅದೇ ಮೊದಲು. ಐದು ನಿಮಿಷದಲ್ಲಿ ಮುಗಿಯುವ ಮಾತು, ನನಗೆ ಹದಿನೈದು ನಿಮಿಷ ಹಿಡಿಯಿತಂತೆ. ಹೊರಗೆ ಸಂಜೆಯ ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು. ಒಳಗೆ ಕೂತವರಲ್ಲಿ ಒಬ್ಬರೂ ಏಳಲಿಲ್ಲ.